ಬಿಟ್ಟ ಸಾಲಿಗೆ ಮರಳುವ ದಾರಿ

ಬರೆಯುವ ಕೆಲಸದಲ್ಲಿ ತೊಡಗಿದವರೆಲ್ಲರೂ ಬಲ್ಲ ಸಂಕಟವೊಂದುಂಟು. ವಾಕ್ಯವೊಂದು ಕಾಗದದ ಮೇಲೆ ಅರ್ಧ ಮೂಡಿದೆ. ಉಳಿದರ್ಧ ಮನಸ್ಸಿನಲ್ಲಿ ತೂಗಾಡುತ್ತಿದೆ. ಅಷ್ಟರಲ್ಲಿ ಒಂದು ಶಬ್ದದ ಅರ್ಥದಲ್ಲಿ ಸಂದೇಹ ಹುಟ್ಟುತ್ತದೆ. ಲೇಖನಿಯನ್ನು ಕೆಳಗಿಟ್ಟು, ಎದ್ದು, ಕಪಾಟಿನಿಂದ ನಿಘಂಟನ್ನು ತೆಗೆದು, ಪುಟ ತಿರುವಿ, ಬೇಕಾದ ಅರ್ಥವನ್ನು ಕಂಡುಕೊಂಡು ಮೇಜಿಗೆ ಹಿಂತಿರುಗುವಷ್ಟರಲ್ಲಿ ಶಬ್ದವೇನೊ ದೊರೆತಿರುತ್ತದೆ. ವಾಕ್ಯ ಮಾತ್ರ ಹಾರಿಹೋಗಿರುತ್ತದೆ. ಹೋಗಿಬರಲು ಹಿಡಿದುದು ಎರಡೇ ನಿಮಿಷ. ಆದರೆ ಆ ಎರಡು ನಿಮಿಷಗಳಲ್ಲಿ ಕಳೆದುಹೋದುದನ್ನು ಗಡಿಯಾರದಿಂದ ಅಳೆಯಲಾಗದು.

ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆಯುವವರ ಪಾಡೂ ಇದಕ್ಕಿಂತ ಬೇರೆಯಲ್ಲ. ಅವರ ಮುಂದೆಯೂ ಲೇಖನಿಯ ಸ್ಥಾನವೊಂದು, ಕಪಾಟಿನ ಸ್ಥಾನವೊಂದು ಇವೆ. ಮೊದಲನೆಯದಕ್ಕೆ ಎಡಿಟರ್ ಎಂದು ಹೆಸರು. ಇದು ಪತ್ರಿಕೆಯ ಸಂಪಾದಕರ ಮಾತಲ್ಲ. ಅಕ್ಷರಗಳನ್ನು ಬರೆಯಲು, ಅಳಿಸಲು, ತಿದ್ದಲು ಯಂತ್ರದಲ್ಲಿರುವ ತಂತ್ರಾಂಶದ ಮಾತು. ಎರಡನೆಯದು ಶೆಲ್. ಒಂದು ಸಾಲಿನ ಆಜ್ಞೆಯನ್ನು ಬೆರಳಚ್ಚಿಸಿದರೆ ಅದನ್ನು ಓದಿ, ನಡೆಸಿ, ಉತ್ತರವನ್ನು ತಂದೊಪ್ಪಿಸುವುದು ಇದರ ಕೆಲಸ. ಶೆಲ್ ಎಂದರೆ ಚಿಪ್ಪು. ಯಂತ್ರವ್ಯವಸ್ಥೆಯ ಒಳತಿರುಳನ್ನು ಸುತ್ತಿಕೊಂಡು, ಹೊರಗಿನ ಮನುಷ್ಯನೊಡನೆ ಮಾತಾಡುವ ಕವಚವಾದುದರಿಂದ ಆ ಹೆಸರು ಬಂದಿತು.

ಎಡಿಟರಿನಲ್ಲಿ ಹತ್ತು ಸಾಲು ಬರೆದವರು ಅದು ಸರಿಯಾಗಿ ನಡೆಯುವುದೆ ಎಂದು ನೋಡಲು ಶೆಲ್ಲಿಗೆ ಹೋಗಬೇಕು. ಅಲ್ಲಿ, ಇಂತಹ ಸಾಲಿನಲ್ಲಿ ತಪ್ಪಿದೆ ಎಂಬ ವರದಿ ಸಿಕ್ಕೊಡನೆ ಎಡಿಟರಿಗೆ ಮರಳಬೇಕು. ದಿನವೊಂದರಲ್ಲಿ ಹೀಗೆ ಹೋಗಿಬರುವುದು ಎಷ್ಟು ಸಲವೊ ಲೆಕ್ಕವಿಲ್ಲ. ಈ ಓಡಾಟವನ್ನು ಹಗುರಗೊಳಿಸಲು ಐವತ್ತು ವರ್ಷಗಳಿಗೂ ಮೇಲ್ಪಟ್ಟ ಕಾಲದಿಂದ ಬುದ್ಧಿವಂತರು ಹುಡುಕಿದ ಉಪಾಯಗಳ ಕಥೆ ಸ್ವಾರಸ್ಯವಾದುದು. ಆ ಕಥೆಯನ್ನು ಅನುಸರಿಸಿ ನಡೆದರೆ ಒಂದು ಮಾತು ಮತ್ತೆಮತ್ತೆ ಎದುರಾಗುತ್ತದೆ: ಹೋಗುವ ದಾರಿಯನ್ನು ಮಾಡಿಕೊಡುವುದು ಸುಲಭ, ಹೋದವನು ಮರಳಿ ಬಂದಾಗ ಅವನು ಬಿಟ್ಟ ಸಾಲು ಬಿಟ್ಟಂತೆಯೇ ಕಾದಿರುವ ಹಾಗೆ ಏರ್ಪಡಿಸುವುದರಲ್ಲಿಯೇ ಜಾಣ್ಮೆಯೆಲ್ಲ ಇದೆ.

ತನ್ನನ್ನೇ ಅಳಿಸಿಕೊಳ್ಳುತ್ತಿದ್ದ ಶೆಲ್

೧೯೬೯ರ ಬೇಸಗೆಯಲ್ಲಿ ಅಮೆರಿಕದ ನ್ಯೂಜೆರ್ಸಿಯ ಮರ್ರೆ ಹಿಲ್ ಎಂಬಲ್ಲಿ, ಬೆಲ್ ಪ್ರಯೋಗಶಾಲೆಯ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಎಂಬವರು ಪಿಡಿಪಿ-೭ ಎಂಬ ಚಿಕ್ಕ ಯಂತ್ರವೊಂದರ ಮೇಲೆ ಹೊಸ ಕಾರ್ಯವ್ಯವಸ್ಥೆಯೊಂದನ್ನು ಕಟ್ಟತೊಡಗಿದರು. ಮುಂದೆ ಯೂನಿಕ್ಸ್ ಎಂದು ಲೋಕವಿಖ್ಯಾತವಾದುದು ಇದೇ. ಇಂದು ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನುಗಳ ಒಡಲಲ್ಲಿರುವ ಲಿನಕ್ಸ್ ಈ ವ್ಯವಸ್ಥೆಯ ಮಾದರಿಯನ್ನೇ ಅನುಸರಿಸಿ ಹುಟ್ಟಿತು.

ಆ ಮೊದಲ ದಿನಗಳ ಯೂನಿಕ್ಸಿನಲ್ಲಿ ಶೆಲ್ಲಿನ ಬದುಕು ವಿಚಿತ್ರವಾಗಿತ್ತು. ಯಂತ್ರಕ್ಕೆ ಎರಡು ಟರ್ಮಿನಲ್ಲುಗಳು, ಒಂದೊಂದಕ್ಕೆ ಒಂದೊಂದೇ ಪ್ರಕ್ರಿಯೆ. ಬಳಸುವವರು ಆಜ್ಞೆಯೊಂದನ್ನು ಕೊಟ್ಟರೆ ಶೆಲ್ ಅದನ್ನು ಓದಿಕೊಂಡು, ಬೇಕಾದ ಪ್ರೋಗ್ರಾಮನ್ನು ತಾನಿದ್ದ ಸ್ಥಳದ ಮೇಲೆಯೇ ಇಳಿಸಿಕೊಳ್ಳುತ್ತಿತ್ತು. ಅಂದರೆ ಹಲಗೆಯ ಮೇಲೆ ಬರೆದ ಪಾಠವನ್ನು ಒರೆಸಿ ಅಲ್ಲಿಯೇ ಹೊಸ ಪಾಠವನ್ನು ಬರೆದಂತೆ, ಶೆಲ್ ತನ್ನನ್ನು ತಾನೇ ಒರೆಸಿಕೊಂಡು ಬೇರೆಯವರಿಗೆ ಜಾಗ ಬಿಡುತ್ತಿತ್ತು. ಆ ಪ್ರೋಗ್ರಾಂ ಮುಗಿದ ಮೇಲೆ ಹೊಸದೊಂದು ಶೆಲ್ಲನ್ನು ತಂದು ಮತ್ತೆ ಅಲ್ಲಿ ಕೂರಿಸಬೇಕು. ಹಾಗೆ ಬಂದ ಶೆಲ್ಲಿಗೆ ಹಿಂದಿನ ಶೆಲ್ಲಿನ ನೆನಪಾದರೂ ಎಲ್ಲಿಂದ ಬರಬೇಕು?

ಈ ಕಷ್ಟವನ್ನು ಕಳೆದುದು ಫೋರ್ಕ್ ಎಂಬ ಏರ್ಪಾಡು. ಫೋರ್ಕ್ ಎಂದರೆ ಕವಲು. ಶೆಲ್ ತನ್ನಂತೆಯೇ ಇರುವ ಮರಿಯೊಂದನ್ನು ಹುಟ್ಟಿಸುತ್ತದೆ; ಮರಿ ಹೋಗಿ ಆಜ್ಞೆಯ ಕೆಲಸವನ್ನು ಮಾಡಿ ಸಾಯುತ್ತದೆ; ತಾಯಿ ಮಾತ್ರ ಇದ್ದಲ್ಲಿಯೇ ಇದ್ದು, ಮರಿಯ ಕೆಲಸ ಮುಗಿಯುವತನಕ ಕಾದು, ಮತ್ತೆ ಮುಂದಿನ ಆಜ್ಞೆಗೆ ಕಿವಿಗೊಡುತ್ತದೆ. ಪಿಡಿಪಿ-೭ರಲ್ಲಿ ಈ ಕವಲಿನ ಏರ್ಪಾಡಿಗೆ ಬೇಕಾದುದು ಯಂತ್ರಭಾಷೆಗೆ ಹತ್ತಿರವಾದ ಅಸೆಂಬ್ಲಿಯ ೨೭ ಸಾಲುಗಳು ಮಾತ್ರ ಎಂದು ರಿಚಿಯೇ ಬರೆದಿದ್ದಾರೆ. ಆ ೨೭ ಸಾಲುಗಳಲ್ಲಿ, ಒಬ್ಬರು ಹೊರಗೆ ಹೋದಾಗ ಮನೆಯಲ್ಲಿ ಒಬ್ಬರು ಕಾದಿರಬೇಕೆಂಬ ಗೃಹಸ್ಥಧರ್ಮ ಯಂತ್ರದೊಳಕ್ಕೆ ಪ್ರವೇಶಿಸಿತು.

ಇದರ ಬೆನ್ನಿಗೆ ತಮಾಷೆಯಾದ ಪ್ರಸಂಗವೊಂದು ನಡೆಯಿತು. ಯಂತ್ರದಲ್ಲಿ ಕಡತಗಳನ್ನು ಇರಿಸುವ ಕೋಣೆಗೆ ಡೈರೆಕ್ಟರಿ ಎನ್ನುತ್ತಾರೆ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಲು ಒಂದು ಆಜ್ಞೆಯುಂಟು. ಫೋರ್ಕ್ ಬಂದ ಮೇಲೆ ಈ ಆಜ್ಞೆ ಇದ್ದಕ್ಕಿದ್ದಂತೆ ಕೆಲಸ ಮಾಡದೆ ಹೋಯಿತು. ಪ್ರೋಗ್ರಾಮನ್ನು ಎಷ್ಟು ಸಲ ಓದಿದರೂ ತಪ್ಪು ಕಾಣದು. ಕೊನೆಗೆ ತಿಳಿದುದು ಇಷ್ಟು: ಕೋಣೆ ಬದಲಿಸೆಂಬ ಆಜ್ಞೆಯನ್ನು ಹೊತ್ತು ಹೋದ ಮರಿ, ವಿಧೇಯವಾಗಿ ಬೇರೆ ಕೋಣೆಗೆ ಹೋಗಿ, ಅಲ್ಲಿಯೇ ತನ್ನ ಆಯುಸ್ಸನ್ನು ಮುಗಿಸುತ್ತಿತ್ತು, ತಾಯಿಯಾದ ಶೆಲ್ ಇದ್ದಲ್ಲಿಯೇ ಇರುತ್ತಿತ್ತು! ಅಂದಿನಿಂದ ಈ ಒಂದು ಕೆಲಸವನ್ನು ಮರಿಗೆ ಒಪ್ಪಿಸದೆ ಶೆಲ್ ತಾನೇ ಮಾಡಿಕೊಳ್ಳಬೇಕೆಂದು ನಿಯಮವಾಯಿತು. ಇದು ಹಳೆಯ ಕಥೆಯೆಂದು ಓದುಗರು ಬದಿಗಿಡಬಾರದು. ಇಂದಿಗೂ ಎಡಿಟರಿನ ಒಳಗಿನಿಂದ ಶೆಲ್ಲನ್ನು ಕರೆದು ಕೋಣೆ ಬದಲಿಸೆಂದು ಹೇಳಿ, ಏಕೆ ಬದಲಾಗಲಿಲ್ಲವೆಂದು ಬೆರಗಾಗುವ ವಿದ್ಯಾರ್ಥಿಗಳಿದ್ದಾರೆ. ಕಾರಣ ಅದೇ: ಕಳುಹಿಸಿದ ಮರಿ ಕಂಡ ಲೋಕ ಮರಿಯೊಡನೆಯೇ ಮುಗಿಯುತ್ತದೆ.

ಎರಡು ಆಶ್ಚರ್ಯಸೂಚಕಗಳು

ಯೂನಿಕ್ಸಿನ ಮೊದಲ ಎಡಿಟರು ಥಾಂಪ್ಸನ್ ಬರೆದ ಎಡ್. ಅದರಷ್ಟು ಮಿತಭಾಷಿಯಾದ ತಂತ್ರಾಂಶ ಇನ್ನೊಂದಿರಲಾರದು. ತಪ್ಪು ಆಜ್ಞೆ ಕೊಟ್ಟರೆ ಅದು ಕೊಡುತ್ತಿದ್ದ ಉತ್ತರ ಬರಿಯ ಒಂದು ಪ್ರಶ್ನಾರ್ಥಕ ಚಿಹ್ನೆ. ಈ ಮೌನಕ್ಕೆ ಕಾರಣ ಅಹಂಕಾರವಲ್ಲ. ಅಂದಿನ ಟರ್ಮಿನಲ್ಲುಗಳಲ್ಲಿ ಪರದೆಯೇ ಇರಲಿಲ್ಲ. ಟೆಲಿಟೈಪ್ ಎಂಬ ಯಂತ್ರವು ಕಾಗದದ ಸುರುಳಿಯ ಮೇಲೆ ಸದ್ದುಮಾಡುತ್ತ ಅಚ್ಚೊತ್ತುತ್ತಿತ್ತು. ಆಗ ಬಹುವಾಗಿ ಬಳಕೆಯಲ್ಲಿದ್ದ ೩೩ನೆಯ ಮಾದರಿಯ ವೇಗ ಸೆಕೆಂಡಿಗೆ ೧೦ ಅಕ್ಷರ. ೬೦ ಅಕ್ಷರಗಳ ಒಂದು ಸಾಲು ಮೂಡಬೇಕಾದರೆ ಆರು ಸೆಕೆಂಡು ಕಾಯಬೇಕು. ಅಂತಹ ಲೋಕದಲ್ಲಿ ಒಂದೊಂದು ಅಕ್ಷರಕ್ಕೂ ಬೆಲೆಯಿತ್ತು.

ಈ ಎಡ್ ಎಂಬ ಎಡಿಟರಿನಲ್ಲಿ ಆಶ್ಚರ್ಯಸೂಚಕ ಚಿಹ್ನೆಯನ್ನು ಹಾಕಿ, ಅದರ ಮುಂದೆ ಶೆಲ್ಲಿನ ಆಜ್ಞೆಯೊಂದನ್ನು ಬರೆಯಬಹುದಾಗಿತ್ತು. ಎಡಿಟರು ಶೆಲ್ಲನ್ನು ಕರೆದು ಆ ಆಜ್ಞೆಯನ್ನು ನಡೆಸಿ, ಕೆಲಸ ಮುಗಿದೊಡನೆ ಇನ್ನೊಂದು ಆಶ್ಚರ್ಯಸೂಚಕವನ್ನು ಕಾಗದದ ಮೇಲೆ ಒತ್ತುತ್ತಿತ್ತು. ಹೋದುದಕ್ಕೊಂದು, ಬಂದುದಕ್ಕೊಂದು. ನಡುವೆ ಏನೇ ನಡೆದಿರಲಿ, ಎಡಿಟರು ತಾನು ಹಿಡಿದಿದ್ದ ಬರಹವನ್ನು ಬಿಟ್ಟಿಲ್ಲ. ನೀವು ನಿಂತಿದ್ದ ಸಾಲಿನ ಸಂಖ್ಯೆಯನ್ನು ಮರೆತಿಲ್ಲ. ಎರಡನೆಯ ಚಿಹ್ನೆಗೆ, ‘ಮನೆ ಸೇರಿದಿರಿ, ನಿಮ್ಮ ಸಾಲು ಇಲ್ಲಿದೆ’ ಎಂಬಷ್ಟು ಅರ್ಥವುಂಟು. ಇಂದಿನ ಎಡಿಟರುಗಳಲ್ಲಿಯೂ ಈ ಚಿಹ್ನೆ ಇದೇ ಕೆಲಸಕ್ಕೆ ಉಳಿದುಬಂದಿದೆ. ತಾರೀಖು ಯಾವುದೆಂದು ಕೇಳಬೇಕು, ಕೋಣೆಯಲ್ಲಿ ಯಾವ ಕಡತಗಳಿವೆಯೆಂದು ನೋಡಬೇಕು ಎಂಬಂತಹ ಒಂದು ಪ್ರಶ್ನೆ ಒಂದು ಉತ್ತರದ ಕೆಲಸಗಳಿಗೆ ಇದಕ್ಕಿಂತ ಹತ್ತಿರದ ದಾರಿಯಿಲ್ಲ.

ಮರ್ತ್ಯರ ಎಡಿಟರು

ಎಡ್ ಎಂಬುದು ಪಂಡಿತರಿಗೆ ಸಾಕಾದರೂ ಪಾಮರರಿಗೆ ಕಠಿಣವಾಗಿತ್ತು. ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನ ಜಾರ್ಜ್ ಕೌಲೂರಿಸ್ ಎಂಬವರು ಪರದೆಯಿದ್ದ ಟರ್ಮಿನಲ್ಲುಗಳಿಗಾಗಿ ಎಡ್‌ಅನ್ನು ಮಾರ್ಪಡಿಸಿ ಎಮ್ ಎಂದು ಹೆಸರಿಟ್ಟರು. ‘ಮರ್ತ್ಯರಿಗಾಗಿ ಎಡಿಟರ್’ ಎಂಬುದು ಅದರ ಅರ್ಥ. ಎಡ್ ಅಮರರಿಗೆ ಮಾತ್ರ ಒಲಿಯುವಂಥದೆಂಬ ಮೆಲುನಗೆ ಆ ಹೆಸರಿನಲ್ಲಿದೆ. ೧೯೭೬ರ ಬೇಸಗೆಯಲ್ಲಿ ಅವರು ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಹೋದಾಗ ಅದನ್ನು ಅಲ್ಲಿನ ವಿದ್ಯಾರ್ಥಿ ಬಿಲ್ ಜಾಯ್ ಕಂಡರು. ಅದರಿಂದ ಪ್ರೇರಿತರಾಗಿ ಜಾಯ್ ಮತ್ತು ಅವರ ಗೆಳೆಯ ಚಕ್ ಹೇಲಿ ಎಕ್ಸ್ ಎಂಬ ಎಡಿಟರನ್ನು ಬರೆದರು. ಅದನ್ನು ಜಾಯ್ ಪರದೆಯ ಮೇಲೆ ಪುಟವಾಗಿ ಕಾಣುವಂತೆ ಬೆಳೆಸಿದಾಗ ವಿ-ಐ ಎಂಬ ಎಡಿಟರು ಹುಟ್ಟಿತು. ಜಾಯ್ ತಮ್ಮ ಮನೆಯಿಂದ ಕೆಲಸ ಮಾಡುತ್ತಿದ್ದುದು ೩೦೦ ಬಾಡ್ ವೇಗದ ಮೋಡೆಮ್ ಮೂಲಕ. ಸೆಕೆಂಡಿಗೆ ಸುಮಾರು ೩೦ ಅಕ್ಷರ ಬರುವ ಆ ತಂತಿಯಲ್ಲಿ ೨೪ ಸಾಲಿನ, ೮೦ ಅಕ್ಷರ ಅಗಲದ ಪರದೆಯೊಂದು ಪೂರ್ತಿ ತುಂಬಬೇಕಾದರೆ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಬೇಕು. ವಿ-ಐ ಎಡಿಟರಿನ ಆಜ್ಞೆಗಳು ಒಂದಕ್ಷರ ಎರಡಕ್ಷರಗಳಲ್ಲಿ ಮುಗಿಯುವುದರ ರಹಸ್ಯ ಇದು.

ವಿ-ಐ ಶೆಲ್ಲಿನೊಡನೆ ಬೆಳೆಸಿದ ಸಂಬಂಧ ಎಡ್‌ಗಿಂತ ಒಂದು ಹೆಜ್ಜೆ ಮುಂದಿನದು. ಅದನ್ನು ತಿಳಿಯಲು ಬೆಲ್ ಪ್ರಯೋಗಶಾಲೆಯ ಡಗ್ ಮೆಕಿಲ್ರಾಯ್ ಎಂಬವರ ವಿಚಾರವೊಂದನ್ನು ನೆನೆಯಬೇಕು. ತೋಟಕ್ಕೆ ನೀರು ಹಾಯಿಸುವ ಕೊಳವೆಗಳನ್ನು ಒಂದಕ್ಕೊಂದು ಜೋಡಿಸುವಂತೆ ಪ್ರೋಗ್ರಾಮುಗಳನ್ನೂ ಜೋಡಿಸಲು ಸಾಧ್ಯವಾಗಬೇಕು ಎಂದು ಅವರು ೧೯೬೪ರಲ್ಲಿಯೇ ಬರೆದಿಟ್ಟಿದ್ದರು. ೧೯೭೩ರಲ್ಲಿ ಯೂನಿಕ್ಸಿನಲ್ಲಿ ಅದು ಕೈಗೂಡಿತು. ಒಂದರ ಬಾಯಿಂದ ಬಂದುದು ಇನ್ನೊಂದರ ಕಿವಿಗೆ ಹೋಗುತ್ತದೆ. ಇದೇ ಕೊಳವೆಯನ್ನು ವಿ-ಐ ತನ್ನ ಪುಟಕ್ಕೂ ಜೋಡಿಸಿಕೊಂಡಿತು. ನಿಮ್ಮ ಬರಹದ ಒಂದು ಭಾಗವನ್ನು ಶೆಲ್ಲಿನ ಯಾವುದೊ ಆಜ್ಞೆಯ ಕೈಗೆ ಒಪ್ಪಿಸಬಹುದು. ಅದು ಸಂಸ್ಕಾರಗೊಂಡು ಬಂದು, ಮೊದಲಿದ್ದ ಜಾಗದಲ್ಲಿಯೇ ಕುಳಿತುಕೊಳ್ಳುತ್ತದೆ.

ಒಂದು ನಿದರ್ಶನವನ್ನು ನೋಡೋಣ. ಅಧ್ಯಾಪಕರೊಬ್ಬರು ಗ್ರಂಥವೊಂದಕ್ಕೆ ಪದಸೂಚಿಯನ್ನು ಸಿದ್ಧಪಡಿಸುತ್ತಿದ್ದಾರೆ. ಓದುತ್ತ ಹೋದಂತೆ ಸಿಕ್ಕಿದ ಪದಗಳನ್ನು ಸಾಲಿಗೊಂದರಂತೆ ಬರೆದಿದ್ದಾರೆ. ಪಟ್ಟಿಯ ತಲೆಯಲ್ಲಿ ನಿಂತು ಆಶ್ಚರ್ಯಸೂಚಕವನ್ನೂ, ಪರಿಚ್ಛೇದದ ಕೊನೆಯತನಕ ಎಂಬುದನ್ನು ಸೂಚಿಸುವ ಮುಚ್ಚು ಪುಷ್ಪಾವರಣವನ್ನೂ ಒತ್ತಿ, ಸಾರ್ಟ್ ಎಂಬ ಆಜ್ಞೆಯನ್ನು ಬರೆದರೆ, ಕ್ಷಣಮಾತ್ರದಲ್ಲಿ ಪಟ್ಟಿಯೆಲ್ಲ ಕ್ರಮವಾಗಿ ಜೋಡಣೆಗೊಂಡು ಅದೇ ಪುಟದಲ್ಲಿ ಕಾಣಿಸಿಕೊಳ್ಳುತ್ತದೆ. ಶೆಲ್ಲಿಗೆ ಹೋದವರು ಯಾರೂ ಇಲ್ಲ, ಹೋಗಿಬಂದುದು ಪಟ್ಟಿ.

ಕನ್ನಡದ ಪಟ್ಟಿಯಾದರೆ ಒಂದು ಎಚ್ಚರಿಕೆಯ ಮಾತು ಅವಶ್ಯ. ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯಿದೆ. ಆ ಸಂಖ್ಯೆಗಳ ಸಾಲಿನಲ್ಲಿ ಳಕಾರವು ಲಕಾರದ ಬೆನ್ನಿಗೇ ಬರುತ್ತದೆ. ನಮ್ಮ ವರ್ಣಮಾಲೆಯಲ್ಲಾದರೊ ಅದು ಹಕಾರವನ್ನೂ ದಾಟಿ ಕಟ್ಟಕಡೆಗೆ ನಿಲ್ಲುವ ಅಕ್ಷರ. ಆದುದರಿಂದ ಸಂಖ್ಯೆಯನ್ನಷ್ಟೇ ನೋಡಿ ಜೋಡಿಸಿದ ಸೂಚಿಯಲ್ಲಿ ‘ಕಳಶ’ವು ‘ಕವಿ’ಗಿಂತ ಮೊದಲೇ ಬಂದು ಕುಳಿತಿರುತ್ತದೆ. ಯಂತ್ರ ಹಿಂತಂದ ಪಟ್ಟಿಯನ್ನು ಕಣ್ಣಾರೆ ಓದದೆ ಅಚ್ಚಿಗೆ ಕಳುಹಿಸಬಾರದು. ಪಟ್ಟಿ ಕೆಟ್ಟರೆ ಹೆದರಬೇಕಾದುದಿಲ್ಲ. ವಿ-ಐ ಎಡಿಟರಿನಲ್ಲಿ ಯು ಎಂಬ ಒಂದಕ್ಷರವನ್ನು ಒತ್ತಿದರೆ ಮೊದಲಿನ ಪಟ್ಟಿಯೇ ಮರಳಿ ಬರುತ್ತದೆ. ಮರಳುವ ದಾರಿ ಇಲ್ಲಿಯೂ ತೆರೆದಿದೆ.

ಆಸ್ಟ್ರಿಯದಿಂದ ಬಂದ ಅಲ್ಪವಿರಾಮ

ಈವರೆಗೆ ಹೇಳಿದುವೆಲ್ಲ ಚಿಕ್ಕ ಕೆಲಸಗಳು. ಎಲ್ಲಿ ಮುಗಿಯುವುದೆಂದು ಮೊದಲೇ ತಿಳಿದಿರುವಂಥವು. ಆದರೆ ಶೆಲ್ಲಿನಲ್ಲಿ ಎಷ್ಟು ಹೊತ್ತು ಇರಬೇಕಾದೀತೆಂದು ಗೊತ್ತಿಲ್ಲದ ಕೆಲಸಗಳೂ ಉಂಟು. ಒಂದು ತಪ್ಪಿನ ಮೂಲವನ್ನು ಹುಡುಕಿ ಹೊರಟವರು ಒಂದು ಕಡತದಿಂದ ಇನ್ನೊಂದಕ್ಕೆ, ಒಂದು ಕೋಣೆಯಿಂದ ಮತ್ತೊಂದಕ್ಕೆ ಅಲೆಯಬೇಕಾಗುತ್ತದೆ. ಅದಕ್ಕೆ ಹಿಂದೆ ಇದ್ದುದು ಎರಡೇ ಮಾರ್ಗ. ಎಡಿಟರನ್ನು ಮುಚ್ಚಿ ಹೋಗುವುದು ಒಂದು. ಆಗ ನಿಂತ ಸಾಲು, ಮಾಡಿದ ತಿದ್ದುಪಡಿಗಳ ಸರಣಿ ಎಲ್ಲವೂ ಅಳಿಸಿಹೋಗುತ್ತವೆ. ಎಡಿಟರಿನ ಒಳಗಿನಿಂದ ಹೊಸ ಶೆಲ್ಲೊಂದನ್ನು ಹುಟ್ಟಿಸಿಕೊಂಡು ಅದರಲ್ಲಿ ಅಲೆಯುವುದು ಇನ್ನೊಂದು. ಆ ಶೆಲ್ ಮುಗಿದಾಗ ಅದು ತಲುಪಿದ್ದ ಕೋಣೆಯೂ ಮರೆತುಹೋಗುತ್ತದೆ.

ಮೂರನೆಯ ಮಾರ್ಗವನ್ನು ತೋರಿಸಿದವರು ಬೆಲ್ ಪ್ರಯೋಗಶಾಲೆಯವರೂ ಅಲ್ಲ, ಬರ್ಕ್ಲಿಯವರೂ ಅಲ್ಲ. ಆಸ್ಟ್ರಿಯ ದೇಶದಲ್ಲಿ ವಿಯೆನ್ನಾದ ಬಳಿ ಲಾಕ್ಸೆನ್‌ಬುರ್ಗ್ ಎಂಬ ಊರಿದೆ. ಅಲ್ಲಿನ ಹಳೆಯ ರಾಜಮಂದಿರವೊಂದರಲ್ಲಿ, ೧೯೭೨ರಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ ಮೊದಲಾದ ಹನ್ನೆರಡು ದೇಶಗಳ ಸಂಸ್ಥೆಗಳು ಕೂಡಿ ಸ್ಥಾಪಿಸಿದ ಅಂತರರಾಷ್ಟ್ರೀಯ ಸಂಶೋಧನಾಲಯವೊಂದು ನಡೆಯುತ್ತ ಬಂದಿದೆ. ಶೀತಲ ಸಮರದ ನಡುವೆ ಪೂರ್ವ ಪಶ್ಚಿಮಗಳ ವಿದ್ವಾಂಸರು ಒಂದೆಡೆ ಕುಳಿತು ಕೆಲಸ ಮಾಡಲೆಂದು ಹುಟ್ಟಿದ ಸಂಸ್ಥೆ ಅದು. ಅಲ್ಲಿದ್ದ ಜಿಮ್ ಕುಲ್ಪ್ ಎಂಬವರು, ನಡೆಯುತ್ತಿರುವ ಕೆಲಸವೊಂದನ್ನು ಮುಗಿಸದೆಯೂ ಕೊಲ್ಲದೆಯೂ ಇದ್ದ ಸ್ಥಿತಿಯಲ್ಲಿಯೇ ನಿಲ್ಲಿಸಿ, ಬೇಕಾದಾಗ ಮತ್ತೆ ಎಬ್ಬಿಸುವ ಏರ್ಪಾಡನ್ನು ಮೊದಲು ಮಾಡಿದರು. ಬಿಲ್ ಜಾಯ್ ಬರೆದಿದ್ದ ಸಿ ಶೆಲ್ಲಿನೊಡನೆ ಅದು ೧೯೮೦ರ ಬರ್ಕ್ಲಿ ಯೂನಿಕ್ಸಿನಲ್ಲಿ ಸೇರಿತು. ಇಂದು ಬಳಕೆಯಲ್ಲಿರುವ ಮುಖ್ಯ ಶೆಲ್ಲುಗಳೆಲ್ಲದರಲ್ಲಿಯೂ ಅದು ಉಂಟು.

ಬಳಸುವ ಕ್ರಮ ಸರಳ. ಎಡಿಟರಿನಲ್ಲಿ ಬರೆಯುತ್ತಿರುವಾಗ ಕಂಟ್ರೋಲ್ ಕೀಲಿಯನ್ನು ಒತ್ತಿಹಿಡಿದು ಝೆಡ್ ಅಕ್ಷರವನ್ನು ಒತ್ತಬೇಕು. ನಿಲ್ಲು ಎಂಬ ಸಂಜ್ಞೆ ಎಡಿಟರಿಗೆ ಮುಟ್ಟುತ್ತದೆ. ಅದು ಪರದೆಯನ್ನು ಮೊದಲಿನ ಸ್ಥಿತಿಗೆ ತಂದು, ತಾನು ನಿದ್ರೆಗೆ ಜಾರುತ್ತದೆ. ಅದನ್ನು ಹುಟ್ಟಿಸಿದ ಶೆಲ್ ಎದುರಿಗೆ ಬಂದು ನಿಲ್ಲುತ್ತದೆ. ಇದು ಹೊಸ ಮರಿಯಲ್ಲ, ಹಳೆಯ ತಾಯಿಯೇ ಎಂಬುದನ್ನು ಗಮನಿಸಬೇಕು. ಹಿಂದೆ ಕೊಟ್ಟ ಆಜ್ಞೆಗಳ ನೆನಪು ಅದಕ್ಕಿದೆ. ಇಲ್ಲಿ ಬದಲಿಸಿದ ಕೋಣೆ ಬದಲಿಸಿದಂತೆಯೇ ಉಳಿಯುತ್ತದೆ. ಮಾಡಬೇಕಾದುದನ್ನೆಲ್ಲ ಮಾಡಿ ಮುಗಿಸಿ, ಎಫ್-ಜಿ ಎಂಬ ಎರಡಕ್ಷರದ ಆಜ್ಞೆಯನ್ನು ಕೊಟ್ಟರೆ ಎಡಿಟರು ಕಣ್ತೆರೆಯುತ್ತದೆ. ಅದೇ ಪುಟ, ಅದೇ ಸಾಲು, ಅದೇ ಅಕ್ಷರದ ಮೇಲೆ ಕರ್ಸರು. ಎಡಿಟರಿನ ಪಾಲಿಗೆ ನಡುವೆ ಕಾಲವೇ ಕಳೆದಿಲ್ಲ.

ಪೂರ್ಣವಿರಾಮವೊಂದನ್ನೇ ಬಲ್ಲ ಯಂತ್ರಕ್ಕೆ ಅಲ್ಪವಿರಾಮವನ್ನು ಕಲಿಸಿದವರು ಇವರು ಎನ್ನಬಹುದು. ಆದರೆ ಈ ಸೌಕರ್ಯದಲ್ಲಿ ಒಂದು ಅಪಾಯವೂ ಅಡಗಿದೆ. ನಿದ್ರಿಸುವ ಎಡಿಟರು ಸದ್ದುಮಾಡದು; ಅದು ಇದೆಯೆಂಬುದನ್ನು ನಾವೇ ಮರೆತುಬಿಡಬಹುದು. ಮರೆತವರು ಅದೇ ಕಡತವನ್ನು ಎರಡನೆಯ ಸಲ ತೆರೆದು ತಿದ್ದತೊಡಗಿದರೆ, ಒಂದೇ ಹಸ್ತಪ್ರತಿಗೆ ಇಬ್ಬರು ಲಿಪಿಕಾರರು ಗಂಟುಬಿದ್ದಂತಾಗಿ, ಕೊನೆಗೆ ಉಳಿಸಿದವರ ಪಾಠ ಮೊದಲಿನವರ ಪಾಠವನ್ನು ಅಳಿಸಿಹಾಕುತ್ತದೆ. ಹಾಲೆಂಡಿನ ಬ್ರಾಮ್ ಮೋಲೆನಾರ್ ೧೯೯೧ರಲ್ಲಿ ಹೊರತಂದ ವಿಮ್ ಎಂಬ ಎಡಿಟರು, ಇಂತಹ ಸಂದರ್ಭದಲ್ಲಿ ಈ ಕಡತ ಬೇರೆಡೆ ತೆರೆದಿರುವಂತಿದೆಯೆಂದು ಎಚ್ಚರಿಸುತ್ತದೆ. ಆ ಎಚ್ಚರಿಕೆಯನ್ನು ಕಿರಿಕಿರಿಯೆಂದು ತಳ್ಳಿಹಾಕುವವರು ತಮ್ಮ ಬರಹಕ್ಕೆ ತಾವೇ ಶತ್ರುಗಳು. ಜಾಬ್ಸ್ ಎಂಬ ಆಜ್ಞೆಯನ್ನು ಕೊಟ್ಟರೆ ಶೆಲ್ ನಿದ್ರಿಸುತ್ತಿರುವ ಕೆಲಸಗಳ ಪಟ್ಟಿಯನ್ನು ಒಪ್ಪಿಸುತ್ತದೆ. ಹೊಸದಾಗಿ ಎಡಿಟರನ್ನು ತೆರೆಯುವ ಮುನ್ನ ಒಮ್ಮೆ ಹಾಗೆ ವಿಚಾರಿಸಿಕೊಳ್ಳುವುದು ಒಳ್ಳೆಯ ಅಭ್ಯಾಸ.

ಮನೆಯನ್ನೇ ಬಿಡದವರು

ಹೀಗೆ ಹೋಗಿಬರುವ ಉಪಾಯಗಳು ಬೆಳೆಯುತ್ತಿರುವಾಗಲೇ, ಹೋಗಬೇಕಾದರೂ ಏಕೆ ಎಂದು ಕೇಳಿದ ಇನ್ನೊಂದು ಪಂಥವೂ ಹುಟ್ಟಿತು. ಮ್ಯಾಸಚೂಸೆಟ್ಸಿನ ಎಂ.ಐ.ಟಿ. ಸಂಸ್ಥೆಯಲ್ಲಿ ೧೯೭೬ರಲ್ಲಿ ರೂಪುಗೊಂಡ ಇಮ್ಯಾಕ್ಸ್ ಎಂಬ ಎಡಿಟರು ಈ ಪಂಥದ ಮೂಲ. ಅದರ ಕರ್ತೃಗಳಲ್ಲಿ ಪ್ರಮುಖರಾದ ರಿಚರ್ಡ್ ಸ್ಟಾಲ್ಮನ್ ೧೯೮೫ರಲ್ಲಿ ಗ್ನೂ ಇಮ್ಯಾಕ್ಸ್ ಎಂಬ ಆವೃತ್ತಿಯನ್ನು ಹೊರತಂದರು. ಇಮ್ಯಾಕ್ಸಿನ ಬಳಕೆದಾರರಿಗೆ ಶೆಲ್ ಎಂಬುದು ಎಡಿಟರಿನೊಳಗಿನ ಮತ್ತೊಂದು ಪುಟ. ಶೆಲ್ಲಿನ ಉತ್ತರವನ್ನು ಬರಹದಂತೆಯೇ ಹುಡುಕಬಹುದು, ಕತ್ತರಿಸಿ ಅಂಟಿಸಬಹುದು. ಪ್ರೋಗ್ರಾಮನ್ನು ಪರೀಕ್ಷಿಸಿದಾಗ ತಪ್ಪುಗಳ ವರದಿ ಬಂದರೆ, ವರದಿಯ ಸಾಲಿನಿಂದ ತಪ್ಪಿರುವ ಸಾಲಿಗೆ ಕೀಲಿಯ ಒಂದೆರಡು ಒತ್ತಿಗೆ ಹಾರಬಹುದು. ಸಾಲಿನ ಸಂಖ್ಯೆಯನ್ನು ನೆನಪಿಟ್ಟುಕೊಂಡು ಹೋಗುವ ಭಾರವೇ ಇಲ್ಲ.

ಪರದೆಯನ್ನೇ ಹಂಚಿಕೊಳ್ಳುವುದು ಮತ್ತೊಂದು ಪರಿಹಾರ. ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ೧೯೮೭ರಲ್ಲಿ ಹುಟ್ಟಿದ ಸ್ಕ್ರೀನ್, ೨೦೦೭ರಲ್ಲಿ ಬಂದ ಟಿಮಕ್ಸ್ ಎಂಬ ತಂತ್ರಾಂಶಗಳು ಒಂದೇ ಟರ್ಮಿನಲ್ಲಿನಲ್ಲಿ ಹಲವು ಕಿಟಕಿಗಳನ್ನು ತೆರೆದುಕೊಡುತ್ತವೆ. ಒಂದರಲ್ಲಿ ಎಡಿಟರು, ಮಗ್ಗುಲಲ್ಲಿ ಶೆಲ್. ದೂರದ ಯಂತ್ರದೊಡನೆ ಕೆಲಸ ಮಾಡುತ್ತಿರುವಾಗ ನಡುವೆ ಸಂಪರ್ಕ ಕಡಿದುಹೋದರೂ ಕಿಟಕಿಗಳು ಅಲ್ಲಿ ತೆರೆದಂತೆಯೇ ಇರುತ್ತವೆ. ಮರುದಿನ ಮತ್ತೆ ಸೇರಿಕೊಂಡರೆ ನಿನ್ನೆಯ ಅರ್ಧವಾಕ್ಯ ಕಾದಿರುತ್ತದೆ. ೨೦೧೮ರಲ್ಲಿ ವಿಮ್ ತನ್ನ ೮.೧ನೆಯ ಆವೃತ್ತಿಯಲ್ಲಿ ಒಳಗೇ ಟರ್ಮಿನಲ್ ಕಿಟಕಿಯನ್ನು ಇಟ್ಟುಕೊಂಡಿತು. ಇಂದು ವಿದ್ಯಾರ್ಥಿಗಳು ಹೆಚ್ಚಾಗಿ ಬಳಸುವ ಚಿತ್ರಮಯ ಎಡಿಟರುಗಳಲ್ಲಿಯೂ ಪುಟದ ಕೆಳಗೆ ಶೆಲ್ಲಿಗೊಂದು ಪಟ್ಟಿಯಿರುತ್ತದೆ.

ಇಷ್ಟೆಲ್ಲ ಅನುಕೂಲವಾದ ಮೇಲೆ ಹಳೆಯ ದಾರಿಗಳು ಏಕೆ ಬೇಕೆಂದು ಕೇಳಬಹುದು. ಎರಡೂ ಸದಾ ಕಣ್ಣೆದುರಿಗಿರುವುದಕ್ಕೂ ಒಂದು ಬೆಲೆಯುಂಟು. ಬರೆಯುವವರ ದೃಷ್ಟಿ, ಕರೆಯದಿದ್ದರೂ ಆ ಮಗ್ಗುಲಿನ ಕಿಟಕಿಯ ಕಡೆಗೆ ಸರಿಯುತ್ತದೆ. ಯೋಚಿಸಿ ಬರೆಯುವುದರ ಬದಲು, ಎರಡಕ್ಷರ ಬದಲಿಸಿ ನಡೆಸಿ ನೋಡುವುದು, ಮತ್ತೆರಡು ಬದಲಿಸಿ ಮತ್ತೆ ನೋಡುವುದು ಚಟವಾಗಿಬಿಡಬಹುದು. ಹೋಗಿಬರುವುದು ಅತಿ ಸುಲಭವಾದಾಗ ಮನಸ್ಸು ಎರಡೂ ಕಡೆ ನಿಲ್ಲದೆ ಹೊಸ್ತಿಲ ಮೇಲೆಯೇ ಕುಳಿತುಬಿಡುವುದುಂಟು. ಪುಟವೊಂದೇ ತುಂಬಿದ ಪರದೆ, ಬೇಕಾದಾಗ ಮಾತ್ರ ಕಂಟ್ರೋಲ್ ಝೆಡ್ ಎಂಬ ಕ್ರಮವನ್ನು ಇಂದಿಗೂ ಹಲವರು ಬಿಡದಿರುವುದಕ್ಕೆ ಕಾರಣ ಹಟವೊಂದೇ ಅಲ್ಲ.

ಅವಧಾನಿಯ ಧಾರಣೆ

ಕೆಲಸದಿಂದ ಕೆಲಸಕ್ಕೆ ಹಾರುವಾಗ ಮನಸ್ಸಿಗೆ ಆಗುವ ನಷ್ಟವನ್ನು ವಿದ್ವಾಂಸರೂ ಪರಿಶೀಲಿಸಿದ್ದಾರೆ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದವರ ಗಮನದ ಒಂದು ಪಾಲು ಹಿಂದಿನ ಕೆಲಸಕ್ಕೇ ಅಂಟಿಕೊಂಡಿರುತ್ತದೆ, ಅದರಿಂದ ಮುಂದಿನ ಕೆಲಸ ಕೆಡುತ್ತದೆ ಎಂಬುದನ್ನು ಸೋಫಿ ಲೆರಾಯ್ ಎಂಬ ಸಂಶೋಧಕಿ ೨೦೦೯ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು. ಅವರು ನೋಡಿದುದು ಒಂದಕ್ಕೊಂದು ಸಂಬಂಧವಿಲ್ಲದ ಕೆಲಸಗಳನ್ನು. ಎಡಿಟರು ಮತ್ತು ಶೆಲ್ಲುಗಳು ಒಂದೇ ಕೆಲಸದ ಎರಡು ಕೈಗಳಾದುದರಿಂದ ನಷ್ಟ ಅಷ್ಟಿರಲಾರದು. ಆದರೂ, ಬಿಟ್ಟುದನ್ನು ಹಿಡಿದಿಟ್ಟುಕೊಳ್ಳುವ ಶ್ರಮ ಮನಸ್ಸಿಗೆ ಇದ್ದೇ ಇದೆ.

ಕನ್ನಡದ ಓದುಗರಿಗೆ ಇದನ್ನು ಅರ್ಥಮಾಡಿಕೊಳ್ಳಲು ದೂರ ಹೋಗಬೇಕಾಗಿಲ್ಲ. ನಮ್ಮ ಅವಧಾನಕಲೆಯನ್ನು ನೆನೆದರೆ ಸಾಕು. ಅಷ್ಟಾವಧಾನದಲ್ಲಿ ಎಂಟು ಮಂದಿ ಪೃಚ್ಛಕರು. ಒಬ್ಬರು ಸಮಸ್ಯೆಯನ್ನು ಕೊಡುತ್ತಾರೆ, ಇನ್ನೊಬ್ಬರು ದತ್ತಪದಿಯನ್ನು ಒಡ್ಡುತ್ತಾರೆ, ಮತ್ತೊಬ್ಬರು ಅಕ್ಷರ ಅಕ್ಷರಕ್ಕೂ ನಿಷೇಧ ಹಾಕುತ್ತಾರೆ. ಅವಧಾನಿ ಒಬ್ಬರಿಗೆ ಒಂದು ಪಾದವನ್ನು ಹೇಳಿ, ಆ ಪದ್ಯವನ್ನು ಅಲ್ಲಿಯೇ ನಿಲ್ಲಿಸಿ, ಮುಂದಿನವರ ಕಡೆಗೆ ತಿರುಗುತ್ತಾರೆ. ನಡುನಡುವೆ ಅಪ್ರಸ್ತುತಪ್ರಸಂಗಿಯ ಕೀಟಲೆ ಬೇರೆ. ಸುತ್ತುಗಳೆಲ್ಲ ಮುಗಿದ ಮೇಲೆ ಎಲ್ಲ ಪದ್ಯಗಳನ್ನೂ ಒಪ್ಪಿಸುವುದಕ್ಕೆ ಧಾರಣೆ ಎಂದು ಹೆಸರು. ಸಭೆ ಉಸಿರು ಬಿಗಿಹಿಡಿದು ಕೇಳುವುದು ಅದನ್ನೇ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದು ಎಲ್ಲರಿಗೂ ಬರುತ್ತದೆ. ಬಿಟ್ಟ ಪಾದಕ್ಕೆ ತಪ್ಪದೆ ಮರಳುವುದು ಸಾಧನೆಯಿಂದ ಬರುವ ಸಿದ್ಧಿ.

ಆ ಸಿದ್ಧಿಯಿಲ್ಲದ ಮರ್ತ್ಯರಿಗಾಗಿ ಯಂತ್ರವು ಧಾರಣೆಯ ಒಂದಂಶವನ್ನು ತಾನು ಹೊರುತ್ತದೆ. ಅದನ್ನು ಚೆನ್ನಾಗಿ ಬಳಸಿಕೊಳ್ಳುವ ವಿವೇಕ ನಮ್ಮದಾಗಬೇಕು. ಕೇಳಬೇಕಾದುದು ಒಂದೇ ಪ್ರಶ್ನೆಯಾದರೆ ಆಶ್ಚರ್ಯಸೂಚಕ ಸಾಕು. ಬರಹವನ್ನೇ ಸಂಸ್ಕರಿಸಬೇಕಾದರೆ ಬರಹವನ್ನು ಕಳುಹಿಸಿ ತಾವು ಕುಳಿತಿರಬಹುದು. ಎಷ್ಟು ದೂರವೆಂದು ತಿಳಿಯದ ಹುಡುಕಾಟವಾದರೆ ಎಡಿಟರನ್ನು ನಿದ್ರೆಗೆ ಕಳುಹಿಸಿ ಹೊರಡುವುದು ಮೇಲು. ಎರಡನ್ನೂ ಹೋಲಿಸುತ್ತ ನೋಡಬೇಕಾದ ಕೆಲಸಕ್ಕೆ ಮಗ್ಗುಲ ಕಿಟಕಿ ಒಳ್ಳೆಯದು. ಶೆಲ್ಲಿನಲ್ಲಿಯೇ ಕುಳಿತಿರುವಾಗ ಆಜ್ಞೆ ಬಹಳ ಉದ್ದವಾಗಿ ತೊಡಕಾದರೆ ಅದಕ್ಕೂ ದಾರಿಯುಂಟು: ಬ್ಯಾಶ್ ಎಂಬ ಶೆಲ್ಲಿನಲ್ಲಿ ಕಂಟ್ರೋಲಿನೊಡನೆ ಎಕ್ಸ್, ಆ ಬಳಿಕ ಕಂಟ್ರೋಲಿನೊಡನೆ ಇ ಎಂದು ಒತ್ತಿದರೆ ಆ ಆಜ್ಞೆಯ ಸಾಲು ಎಡಿಟರಿನಲ್ಲಿ ತೆರೆದುಕೊಳ್ಳುತ್ತದೆ, ತಿದ್ದಿ ಉಳಿಸಿ ಹೊರಬಂದೊಡನೆ ಶೆಲ್ ಅದನ್ನು ನಡೆಸುತ್ತದೆ. ಅಳಿಸುವ, ಸ್ಥಳ ಬದಲಿಸುವ ಆಜ್ಞೆಯಾದರೆ ಹೊರಬರುವ ಮುನ್ನ ಎರಡು ಸಲ ಓದಿಕೊಳ್ಳಬೇಕೆಂಬುದನ್ನು ಹೇಳಬೇಕಾದುದಿಲ್ಲ.

ಆದರೂ ಯಂತ್ರ ಕಾಯ್ದಿರಿಸುವುದು ಸಾಲನ್ನು ಮಾತ್ರ. ಆ ಸಾಲಿನಲ್ಲಿ ಏನನ್ನು ಬರೆಯಬೇಕೆಂದಿದ್ದೆವೊ ಆ ಉದ್ದೇಶ ಅದಕ್ಕೆ ತಿಳಿಯದು. ಕರ್ಸರು ಅದೇ ಅಕ್ಷರದ ಮೇಲೆ ಮಿನುಗುತ್ತಿದ್ದರೂ, ಏಕೆ ಇಲ್ಲಿಗೆ ಬಂದೆವೆಂದು ಪೆಚ್ಚಾಗಿ ನೋಡುವ ಗಳಿಗೆ ಎಲ್ಲರಿಗೂ ಬರುತ್ತದೆ. ಅದಕ್ಕೆ ಅನುಭವಿಗಳು ಹಿಡಿದಿರುವ ದಾರಿ ಬಹಳ ಹಳೆಯದು: ಎದ್ದುಹೋಗುವ ಮುನ್ನ, ಮುಂದೆ ಬರೆಯಬೇಕಾದುದರ ಸುಳಿವನ್ನು ನಾಲ್ಕು ಮಾತಿನಲ್ಲಿ ಅಲ್ಲಿಯೇ ಬರೆದಿಡುವುದು. ಓಲೆಗರಿಯ ಕಾಲದ ಲಿಪಿಕಾರನೂ ಗರಿಗಳ ನಡುವೆ ದಾರವನ್ನು ಇಟ್ಟೇ ಏಳುತ್ತಿದ್ದಿರಬೇಕು. ೨೭ ಸಾಲುಗಳ ಕವಲಿನಿಂದ ಮಗ್ಗುಲ ಕಿಟಕಿಯವರೆಗೆ ಯಂತ್ರಶಿಲ್ಪಿಗಳು ನಮಗೆ ಕೊಟ್ಟುದು ಒಳ್ಳೆಯ ದಾರ. ಅದನ್ನು ಯಾವ ಗರಿಯ ಮೇಲೆ ಇಡಬೇಕೆಂಬುದನ್ನು ಏಳುವ ಮುನ್ನ ನಿರ್ಧರಿಸುವ ಕೆಲಸ ಮಾತ್ರ ಇನ್ನೂ ಬರೆಯುವವರ ಪಾಲಿಗೇ ಉಳಿದಿದೆ.